ಬೀರು ತಗಡಿನ ಕವಚ

“ಮನೆಯ ಜೀಪು ನಿಮಗೇ, ಅಳಿಯಂದಿರೇ” ಎಂದು ಷಡಕ್ಷರಪ್ಪನವರು ಮಾತು ಕೊಟ್ಟು ಹದಿನಾರು ವರ್ಷವಾಗಿತ್ತು. ಅರಸೀಕೆರೆಯ ಛತ್ರದಲ್ಲಿ, ಮದುವೆಯೂಟದ ಎರಡನೇ ಪಂಕ್ತಿಯ ನಡುವೆ ನಿಂತು, ಪಾಯಸ ಬಡಿಸುವವನೂ ಸೌಟು ತಡೆದು ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದರು. ಅಳಿಯ ಇಂದ್ರೇಶ್ ಅದನ್ನು ಮರೆತಿರಲಿಲ್ಲ. ಮದುವೆಗೆ ಬಂದ ಹನ್ನೊಂದು ಗೋಡೆ ಗಡಿಯಾರಗಳಲ್ಲಿ ಯಾವುದನ್ನು ಯಾರು ಕೊಟ್ಟರೆಂದು ಇವತ್ತಿಗೂ ಹೇಳಬಲ್ಲ ಮನುಷ್ಯ ಅವನು. ಆದರೆ ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಕಾಲೇಜಿನಲ್ಲಿ ವರದಕ್ಷಿಣೆಯ ವಿರುದ್ಧ ಭಾಷಣ ಮಾಡಿ ಸ್ಟೀಲಿನ ಚೊಂಬು ಗೆದ್ದವನು ಮಾವನ ಮನೆಯ ಪಡಸಾಲೆಯಲ್ಲಿ ಕೂತು ‘ಜೀಪಿನ ವಿಷಯ ಏನಾಯಿತು?’ ಎನ್ನುವುದು ಹೇಗೆ? ಹಾಗಾಗಿ ಅವನು ಕೇಳಲೂ ಇಲ್ಲ, ಮರೆಯಲೂ ಇಲ್ಲ. ಇದನ್ನು ಅವನು ಸ್ವಾಭಿಮಾನ ಎಂದು ಕರೆಯುತ್ತಿದ್ದ. ಹೆಂಡತಿ ಪುಷ್ಪಲತಾ ಹೊಟ್ಟೆಕಿಚ್ಚು ಎನ್ನುತ್ತಿದ್ದಳು.

ಜೀಪು ಮಾತ್ರ ಮಾವನ ಶೆಡ್ಡಿನಲ್ಲೇ ಇತ್ತು. ತೊಂಬತ್ತರ ದಶಕದ ಡೀಸೆಲ್ ಗಾಡಿ, ಕಡುಹಸಿರು ಬಣ್ಣ, ಬಾನೆಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ. ಷಡಕ್ಷರಪ್ಪನವರು ಕೊಬ್ಬರಿ ವ್ಯಾಪಾರಿ. ಅವರು ಮಂಡಿಗೆ ಹೋಗುವುದನ್ನು ಬಿಟ್ಟ ಮೇಲೆ ಮಗ ಶರತ್ಚಂದ್ರ ಅದನ್ನು ಓಡಿಸುತ್ತಿದ್ದ. ಈ ವರ್ಷದ ಯುಗಾದಿಯ ದಿನ ಒಬ್ಬಟ್ಟಿನ ಎಲೆಯ ಮುಂದೆ ಶರತ್ಚಂದ್ರ ಭಾವನಿಗೆ ಒಂದು ವಿಷಯ ಹೇಳಿದ.

“ಭಾವ, ಜೀಪನ್ನ ಹಿರೇಕಲ್ ಗುಡ್ಡ ಹತ್ತಿಸ್ಬೇಕು ಅಂತ ಇದೀನಿ. ಹೊಸ ಲೀಫ್ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ರು ಎಲ್ಲಾ ತರಿಸ್ತಿದೀನಿ. ಅಡಿಗೆ ದಪ್ಪ ಪ್ಲೇಟು ಹೊಡೆದು, ಮುಂದಕ್ಕೊಂದು ಬಂಪರ್ ಕಟ್ಟಿಕೊಟ್ಬಿಡಿ. ಐಟಿಐ ಮೇಷ್ಟ್ರು ಮನೇಲೇ ಇರುವಾಗ ಹೊರಗಡೆ ಯಾಕೆ? ನಿಮಗೂ ಭಾನುವಾರ ಏನ್ ಕೆಲ್ಸ ಇರುತ್ತೆ ಬಿಡಿ.”

ಇಂದ್ರೇಶ್ ಬೇಲೂರಿನ ಒಂದು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರು. ಅವನ ಭಾನುವಾರಗಳೆಂದರೆ ಮಗಳು ಸಿರಿಯ ರೇಖಾಗಣಿತ, ಸಮವಸ್ತ್ರದ ಇಸ್ತ್ರಿ, ಸಂಪಿನ ಮೋಟಾರು, ಅಮ್ಮನ ಬಿಪಿ ಮಾತ್ರೆ, ರೇಷನ್ ಅಂಗಡಿಯ ಸಾಲು, ಇವೆಲ್ಲ ಮುಗಿದರೆ ಸಂಜೆ ಐದಕ್ಕೆ ಅರ್ಧ ಗಂಟೆ ಮಂಚದ ಮೇಲೆ ಕೂತು ಗೋಡೆ ನೋಡುವುದು. ಆ ಅರ್ಧ ಗಂಟೆಯನ್ನೂ ಭಾವಮೈದ ತನ್ನದೆಂದು ತಿಳಿದಿದ್ದ. ತನಗೆ ಬರಬೇಕಿದ್ದ ಜೀಪನ್ನು ತನ್ನ ಕೈಯಿಂದಲೇ, ತನ್ನ ಭಾನುವಾರಗಳಲ್ಲೇ, ಇನ್ನೊಬ್ಬನಿಗಾಗಿ ಸಿಂಗರಿಸಬೇಕು. ಇಂದ್ರೇಶ್ ಒಬ್ಬಟ್ಟು ನುಂಗಿ, “ಆಯ್ತು, ಮಾಡೋಣ” ಎಂದ. ಶಾಂತವಾಗಿಯೇ ಎಂದ. ದೊಡ್ಡ ಅಪರಾಧಿಗಳೆಲ್ಲ ಶಾಂತವಾಗಿರುತ್ತಾರೆಂದು ಎಲ್ಲೋ ಓದಿದ್ದು ಆಮೇಲೆ ನೆನಪಾಯಿತು. ಆ ಕ್ಷಣದಲ್ಲಿ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಬ್ಬಟ್ಟು ಅಷ್ಟೇ.

ಅಪರಾಧ ಹೊಳೆದದ್ದು ಮುಂದಿನ ವಾರ, ಹುಲಿಕೆರೆಯಲ್ಲಿ. ಸಿರಿಗೆ ಶಾಲೆಯ ಪ್ರಾಜೆಕ್ಟಿಗೆ ಅಲ್ಲಿನ ಮೆಟ್ಟಿಲುಕೊಳದ ಚಿತ್ರ ಬರೆಯಬೇಕಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ ಕಚ್ಚುತ್ತಿದ್ದಾಗ ಅಪ್ಪ ನೀರು ಕೇಳುವುದಕ್ಕೆಂದು ಹತ್ತಿರದ ಮನೆಯ ಹಿತ್ತಲಿಗೆ ಹೋದ. ಅಲ್ಲಿ ಜೀಪು ನಿಂತಿತ್ತು. ಅದೇ ವರ್ಷದ್ದು, ಅದೇ ಮಾದರಿ, ತುಕ್ಕಿನ ಕೆಳಗೆ ಅದೇ ಕಡುಹಸಿರು. ಸ್ಟೀರಿಂಗಿನ ಮೇಲೆ ಹುಂಜ ಕೂತಿತ್ತು.

“ಅದು ಓಡಲ್ಲ ಸ್ವಾಮಿ,” ಎಂದ ಮನೆಯ ಯಜಮಾನ ದ್ಯಾವಯ್ಯ. ನಿವೃತ್ತ ಬಸ್ ಡ್ರೈವರು. “ಕಾಗ್ದ ಪತ್ರ ಎಲ್ಲಾ ನನ್ನೆಸ್ರಲ್ಲಿ ಸರ್ಯಾಗೈತೆ. ಗಾಡಿನೇ ಸರ್ಯಾಗಿಲ್ಲ.”

“ತಗಂಡೋಗೋದಾದ್ರೆ ತಗಂಡೋಗಿ,” ಎಂದಳು ಅವನ ಹೆಂಡತಿ ದೇವೀರಮ್ಮ ಒಳಗಿನಿಂದಲೇ. “ನನ್ ಕೋಳಿ ಎಲ್ಲಿ ಮಲಗ್ಬೇಕು, ಅದ್ನ ಹೇಳಿ ಮೊದ್ಲು.”

ಇಂದ್ರೇಶ್ ಸ್ಟೀರಿಂಗಿನ ಮೇಲಿನ ಹುಂಜವನ್ನು ಬಹಳ ಹೊತ್ತು ನೋಡಿದ. ಜೀಪು ಕದಿಯುವವನು ಮೂರ್ಖ. ಕದ್ದ ಜೀಪಿನ ಜಾಗದಲ್ಲಿ ಖಾಲಿ ಜಾಗ ಉಳಿಯುತ್ತದೆ, ಪೊಲೀಸರು ಬರುವುದು ಆ ಖಾಲಿ ಜಾಗ ನೋಡಲಿಕ್ಕೆ. ಜಾಗ ಖಾಲಿಯಾಗದಿದ್ದರೆ ಕಳ್ಳತನವೇ ಇಲ್ಲ. ಮಾವನ ಜೀಪು ಮಾವನ ಶೆಡ್ಡಿನಲ್ಲೇ ನಿಂತಿರುತ್ತದೆ. ಅದರ ಒಳಗಿನದೆಲ್ಲ ಒಂದೊಂದಾಗಿ ಈ ಕೋಳಿಗೂಡಿಗೆ ಬರುತ್ತದೆ, ಕೋಳಿಗೂಡಿನದೆಲ್ಲ ಒಂದೊಂದಾಗಿ ಅಲ್ಲಿಗೆ ಹೋಗುತ್ತದೆ. ಕಳ್ಳನಿಗೆ ಕೀಲಿಕೈ ಕೊಟ್ಟು, ಸಾಮಾನು ತರಿಸಿಕೊಟ್ಟು, ದಯವಿಟ್ಟು ಬಿಚ್ಚಿ ಎಂದು ಕೇಳಿಕೊಂಡವನು ಸ್ವತಃ ಶರತ್ಚಂದ್ರ. ಇಷ್ಟು ಮರ್ಯಾದೆಯಿಂದ ಆಹ್ವಾನ ಪಡೆದ ಕಳ್ಳ ಹಾಸನ ಜಿಲ್ಲೆಯಲ್ಲಿ ಈವರೆಗೆ ಹುಟ್ಟಿರಲಿಕ್ಕಿಲ್ಲ.

ದೇವೀರಮ್ಮನಿಗೆ ಕಬ್ಬಿಣದ ಜಾಲರಿಯ, ಎರಡು ಅಂತಸ್ತಿನ, ಏಣಿ ಸಮೇತವಾದ ಕೋಳಿಗೂಡು ಕಟ್ಟಿಕೊಡುವುದೆಂದು ಮಾತಾಯಿತು. ಕೊಡುಕೊಳ್ಳುವುದು ಅಷ್ಟೇ. ದ್ಯಾವಯ್ಯ ಕಾಗದ ವರ್ಗಾಯಿಸೋಣ ಎಂದಾಗ ಇಂದ್ರೇಶ್ ಅವಸರವಿಲ್ಲವೆಂದ. ತನ್ನ ಹೆಸರು ಎಲ್ಲಿಯೂ ಬರಬಾರದು. ಒಂದು ವರ್ಷ ಕಳೆದ ಮೇಲೆ, ಗುಜರಿ ಜೀಪೊಂದನ್ನು ತಂದು ತಾನೇ ಕೈಯಾರೆ ಸರಿಮಾಡಿದೆನೆಂದು ಎಲ್ಲರಿಗೂ ಹೇಳಿ, ಆಗ ಹೆಸರು ಬದಲಿಸಿಕೊಂಡರಾಯಿತು. ಮಾವನೇ ಬಂದು ಬಾನೆಟ್ಟಿಗೆ ವಿಭೂತಿ ಹಚ್ಚುತ್ತಾರೆ.

ಯೋಜನೆಯನ್ನು ಅವನು ಸಿರಿಯ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದ. ಯಾರಾದರೂ ನೋಡಿದರೆ ತಿಳಿಯಬಾರದೆಂದು ತರಕಾರಿ ಪಟ್ಟಿಯ ಹಾಗೆ ಬರೆದ. ಶಾಕ್ ಅಬ್ಸಾರ್ಬರುಗಳಿಗೆ ‘ಪಡವಲಕಾಯಿ, ನಾಲ್ಕು’. ಎಂಜಿನ್ನಿಗೆ ‘ಕುಂಬಳಕಾಯಿ, ದೊಡ್ಡದು’. ಸಂಕೇತ ಎಷ್ಟು ಚೆನ್ನಾಗಿತ್ತೆಂದರೆ, ಪುಷ್ಪಲತಾ ಪಟ್ಟಿ ಹಿಡಿದುಕೊಂಡು ಹೋಗಿ ಎಲ್ಲವನ್ನೂ ತಂದಳು. ಆ ವಾರ ಮನೆಯವರೆಲ್ಲ ನಾಲ್ಕು ದಿನ ಪಡವಲಕಾಯಿ ತಿಂದರು. “ಅಪ್ಪಂಗೆ ಇದು ಇಷ್ಟ ಅಂತ ಗೊತ್ತೇ ಇರ್ಲಿಲ್ಲ,” ಎಂದಳು ಸಿರಿ. ಮಾಸ್ಟರ್ ಪ್ಲಾನ್ ಮಾಡಿದವನು ಎರಡನೇ ಸಲ ಪಲ್ಯ ಹಾಕಿಸಿಕೊಂಡ.

ಕೆಲಸಕ್ಕೆ ಹಳೇಬೀಡಿನ ಪುಟ್ಟರಾಜುವಿನ ಗ್ಯಾರೇಜು ಗೊತ್ತಾಯಿತು. ಅಲ್ಲಿ ವೆಲ್ಡಿಂಗ್ ಯಂತ್ರವಿತ್ತು, ಎಂಜಿನ್ ಎತ್ತುವ ಸರಪಳಿ ರಾಟೆಯಿತ್ತು, ಹಿಂದೆ ಖಾಲಿ ಶೆಡ್ಡೂ ಇತ್ತು. ಕೋಳಿಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ತಂದು ಅಲ್ಲಿ ನಿಲ್ಲಿಸಿದ. ಇನ್ನು ಪ್ರತಿ ಭಾನುವಾರ ಬೇಲೂರಿನಿಂದ ಮೊದಲ ಬಸ್ಸಿಗೆ ಅರಸೀಕೆರೆಗೆ ಹೋಗುವುದು, ಜೀಪನ್ನು ಹಳೇಬೀಡಿಗೆ ಓಡಿಸಿಕೊಂಡು ಬರುವುದು, ಒಂದು ಭಾಗ ಬಿಚ್ಚಿ ಇನ್ನೊಂದು ಹಾಕುವುದು, ಹೊತ್ತು ಮುಳುಗುವ ಮೊದಲು ಜೀಪನ್ನು ಮತ್ತೆ ಅರಸೀಕೆರೆಯ ಶೆಡ್ಡಿನಲ್ಲಿ ನಿಲ್ಲಿಸಿ ಬಸ್ಸು ಹಿಡಿಯುವುದು. ಸೋಮವಾರ ಶರತ್ಚಂದ್ರನಿಗೆ ಜೀಪು ಬೇಕೇ ಬೇಕು. ಪ್ರತಿ ಬೆಳಿಗ್ಗೆ ಜೀಪು ಇದ್ದಲ್ಲೇ ಕಾಣುತ್ತಿರಬೇಕು, ಅದೇ ಈ ಅಪರಾಧದ ಸೊಗಸು. ದುಡಿಮೆ ತಪ್ಪಿಸಿಕೊಳ್ಳಲು ಜನ ಕಳ್ಳರಾಗುತ್ತಾರೆ ಎನ್ನುವುದು ಸುಳ್ಳೆಂದು ಮೂರನೇ ಭಾನುವಾರದ ಹೊತ್ತಿಗೆ ಇಂದ್ರೇಶನ ಸೊಂಟಕ್ಕೆ ಗೊತ್ತಾಗಿತ್ತು.

ಅತ್ತೆ ಕಮಲಾಕ್ಷಮ್ಮ ಪ್ರತಿ ಸಲವೂ ಬುತ್ತಿ ಕಟ್ಟಿಕೊಡುತ್ತಿದ್ದರು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಮುಷ್ಟಿ ಕೊಬ್ಬರಿ ಮಿಠಾಯಿ. “ಪಾಪ, ನಮ್ಮ ಶರತೂಗೋಸ್ಕರ ಎಷ್ಟು ಒದ್ದಾಡ್ತೀರಪ್ಪ,” ಎನ್ನುತ್ತಿದ್ದರು. ಕಳ್ಳನಿಗೆ ಬುತ್ತಿ ಇಳಿಯುವುದು ಕಷ್ಟವಾಗಬೇಕಿತ್ತು. ಚಟ್ನಿ ಚೆನ್ನಾಗಿರುತ್ತಿದ್ದುದರಿಂದ ಆಗಲಿಲ್ಲ.

ಮೊದಲು ಸ್ಪ್ರಿಂಗುಗಳು. ಶರತ್ಚಂದ್ರ ತರಿಸಿದ ಹೊಸ ಪಟ್ಟಿಗಳು ಕೋಳಿಜೀಪಿನ ಅಡಿಗೆ ಹೋದವು. ಕೋಳಿಜೀಪಿನ ದಣಿದ ಪಟ್ಟಿಗಳನ್ನು ಉಜ್ಜಿ, ಹೊಳೆಯುವ ಕಪ್ಪು ಬಣ್ಣ ಬಳಿದು, ಹೊಸ ಪಟ್ಟಿಯ ಮೇಲಿದ್ದ ಚಿನ್ನದ ಬಣ್ಣದ ಸ್ಟಿಕ್ಕರನ್ನು ಪುಷ್ಪಲತಾಳ ಹೇರ್ ಡ್ರೈಯರಿನಿಂದ ಬಿಸಿಮಾಡಿ ಬಿಡಿಸಿ ಅಂಟಿಸಿದ. ಶರತ್ಚಂದ್ರ ಬಗ್ಗಿ ನೋಡಿದ್ದು ಸ್ಟಿಕ್ಕರನ್ನು ಮಾತ್ರ.

“ಸ್ವಲ್ಪ ಗಡಸು ಅಲ್ವಾ ಭಾವ?”

“ಕಲ್ಲುದಾರಿಗೆ ಅಂತ್ಲೇ ಮಾಡಿರೋದು. ಪಳಗ್ಬೇಕು. ಇನ್ನೊಂದು ಸಾವಿರ ಕಿಲೋಮೀಟರ್ ಡಾಂಬರು ರಸ್ತೆ ಬಿಟ್ಟು ಇಳಿಸ್ಬೇಡ.”

ಇದು ಸುಳ್ಳಾದರೂ ಒಳ್ಳೆಯ ಸುಳ್ಳು. ಇಂದ್ರೇಶನಿಗೆ ಜೀಪು ಬೇಕಿತ್ತು, ಭಾವಮೈದನ ಪ್ರಾಣ ಬೇಕಿರಲಿಲ್ಲ. ಅಲ್ಲದೆ ಶರತ್ಚಂದ್ರನಿಗೆ ಗುಡ್ಡ ಹತ್ತುವುದಕ್ಕಿಂತ ಗುಡ್ಡದ ಬುಡದಲ್ಲಿ ಕನ್ನಡಕ ಹಾಕಿ ಫೋಟೊ ತೆಗೆಸಿಕೊಳ್ಳುವುದು ಇಷ್ಟವೆಂದು ಹದಿನಾರು ವರ್ಷದ ಬಳಕೆಯಿಂದ ಗೊತ್ತಿತ್ತು.

ಆಮೇಲೆ ಕವಚ. ಮುಚ್ಚಿಹೋದ ಎಣ್ಣೆ ಗಿರಣಿಯ ತೊಟ್ಟಿಯಿಂದ ಬಂದ ಅರ್ಧ ಬೆರಳಿನಷ್ಟು ದಪ್ಪದ ಉಕ್ಕನ್ನು ಇಂದ್ರೇಶ್ ಕತ್ತರಿಸಿ, ಬಗ್ಗಿಸಿ, ಎಂಜಿನ್ನಿನ ಹೊಟ್ಟೆಗೆ, ಡೀಸೆಲ್ ಟ್ಯಾಂಕಿಗೆ, ಎರಡೂ ಪಕ್ಕಕ್ಕೆ ಬೆಸೆದ. ಅಷ್ಟು ಅಚ್ಚುಕಟ್ಟಾದ ಬೆಸುಗೆಯನ್ನು ಅವನು ಪಾಠ ಮಾಡುವಾಗಲೂ ಮಾಡಿರಲಿಲ್ಲ. ಅದೆಲ್ಲ ಕೋಳಿಜೀಪಿಗೆ. ಮಾವನ ಜೀಪಿಗೆ ಬೇರೆ ಕವಚ ಬೇಕಿತ್ತು. ತಾರಸಿಯ ಮೇಲೆ ಮಳೆಗೆ ಬಿದ್ದಿದ್ದ, ಪುಷ್ಪಲತಾಳ ಮದುವೆಯಲ್ಲಿ ಬಂದ ಬೀರುವಿನ ತಗಡು ಒದಗಿತು. ಮಾವ ಕೊಟ್ಟದ್ದು ಮಾವನಿಗೇ ಹೋಗಲಿ ಎಂದು ಅವನು ನ್ಯಾಯವನ್ನೂ ತೀರ್ಮಾನಿಸಿದ. ಮಸಿಬಣ್ಣ ಬಳಿದು, ನಾಲ್ಕು ಮೂಲೆಗೆ ದಪ್ಪ ಬೋಲ್ಟಿನ ತಲೆಗಳನ್ನು ಮಾತ್ರ ಕತ್ತರಿಸಿ ಅಂಟಿಸಿದ. ಆದರೆ ತಟ್ಟಿದರೆ ಟಿಣ್ ಎನ್ನುತ್ತಿತ್ತು. ಒಂದು ವಾರ ನಿದ್ದೆಗೆಟ್ಟು ಅದಕ್ಕೂ ಉಪಾಯ ಕಂಡುಹಿಡಿದ. ತಗಡಿನ ಹಿಂದೆ ಡಾಂಬರು ಬಳಿದು, ಮಾವನ ಹಿತ್ತಲಿನಲ್ಲೇ ರಾಶಿ ಬಿದ್ದಿದ್ದ ತೆಂಗಿನ ನಾರನ್ನು ಒತ್ತಿ ತುಂಬಿದ. ಶರತ್ಚಂದ್ರ ಬೂಟುಗಾಲಲ್ಲಿ ಒದ್ದ. ಧಪ್ ಎಂದಿತು.

“ಮಿಲಿಟರಿ ಟ್ಯಾಂಕ್ ಇದ್ದಂಗಿದೆ ಭಾವ!”

ಕೊನೆಗೆ ಎಂಜಿನ್ನು. ಕೋಳಿಜೀಪಿನ ಎಂಜಿನ್ನನ್ನು ಹೇಗೋ ಕೆಮ್ಮುವ ಮಟ್ಟಕ್ಕೆ ತಂದು, ಇಪ್ಪತ್ತೆರಡನೇ ಭಾನುವಾರ ಎರಡನ್ನೂ ರಾಟೆಗೆ ಎತ್ತಿ ಅದಲು ಬದಲು ಮಾಡಿದ. ಎಂಜಿನ್ ನಂಬರಿನ ಬಗ್ಗೆ ಯೋಚಿಸದೆ ಇರಲಿಲ್ಲ. ಮೂವತ್ತು ವರ್ಷದ ಗ್ರೀಸಿನ ಕೆಳಗೆ ಹೂತಿರುವ ಆ ಅಂಕಿಗಳನ್ನು ಹುಟ್ಟಿದ್ದಾರಭ್ಯ ಯಾರೂ ಓದಿಲ್ಲ, ಇನ್ನು ಯಾರು ಓದುತ್ತಾರೆ?

ಪುಟ್ಟರಾಜು ಬೀಡಿ ಹಚ್ಚುತ್ತ ನೋಡುತ್ತಿದ್ದ. “ಏನ್ ಸಾರ್ ಇದು, ಎಡಗೈಲಿರೋದ್ನ ಬಲಗೈಗೆ ಹಾಕ್ಕಂಡಂಗೆ?”

“ಪ್ರಾಕ್ಟಿಕಲ್ ಕಣಪ್ಪ. ಹುಡುಗರಿಗೆ ಪಾಠ ಮಾಡೋಕೆ.”

“ಹಂಗಾದ್ರೆ ಹುಡುಗ್ರು ಎಲ್ಲವ್ರೆ?” ಎಂದು ಪುಟ್ಟರಾಜು ನಕ್ಕ.

ಮುಂದಿನ ಭಾನುವಾರ ಅರಸೀಕೆರೆಗೆ ಹೋಗುವುದಿರಲಿಲ್ಲ. ಇಂದ್ರೇಶ್ ಕೋಳಿಜೀಪನ್ನು ಪುಷ್ಪಗಿರಿಯ ಹಿಂಬದಿಯ ಕಲ್ಲುಹಾದಿಗೆ ತಿರುಗಿಸಿದ. ಗಾಡಿ ಮೇಕೆಯ ಹಾಗೆ ಹತ್ತಿತು. ಅಡಿಯ ಕವಚಕ್ಕೆ ಬಂಡೆ ಉಜ್ಜಿದಾಗ ಗಟ್ಟಿ ಉಕ್ಕಿನ ಗುಡುಗು ಕೇಳಿ ಅವನ ಕಣ್ಣಲ್ಲಿ ನೀರು ಬಂತು. ಕೆಳಗೆ ಹಳೇಬೀಡಿನ ಕೆರೆ ಹೊಳೆಯುತ್ತಿತ್ತು. ಪರಿಪೂರ್ಣ ಅಪರಾಧದಲ್ಲಿ ಒಂದೇ ಕೊರತೆ: ಶಭಾಷ್ ಎನ್ನಲು ಯಾರೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ, ಹೊಸ ಗೂಡಿಗೆ ಹೋಗಲು ಕೊನೆಯವರೆಗೂ ಒಪ್ಪದ ಒಂದು ಕೋಳಿ ಕೂತಿತ್ತು. “ನೋಡಿದ್ಯೇನೇ?” ಎಂದು ಅದನ್ನೇ ಕೇಳಿದ. ಕೋಳಿ ಆ ಕಡೆ ತಿರುಗಿತು.

ಒಂಬತ್ತು ದಿನದ ಮೇಲೆ, ಮಂಗಳವಾರ, ಪಾಠದ ನಡುವೆ ಶರತ್ಚಂದ್ರನ ಫೋನು ಬಂತು. “ಭಾವ, ಅರಸೀಕೆರೆ ಪೊಲೀಸ್ ಸ್ಟೇಷನ್ನಿಗೆ ಬಂದ್ಬಿಡಿ. ಅಪ್ಪಾಜಿನೂ ಇಲ್ಲೇ ಇದಾರೆ. ಆಧಾರ್ ಕಾರ್ಡ್ ತನ್ನಿ.”

ಬಸ್ಸಿನಲ್ಲಿ ಇಂದ್ರೇಶ್ ಕಿಟಕಿಯ ಸರಳು ಹಿಡಿದು ಕೂತ. ಸರ್ಕಾರಿ ಕೆಲಸ. ಒಂದು ಕೇಸು ಬಿದ್ದರೆ ಸಂಬಳ ಅಲ್ಲಿಗೇ ನಿಲ್ಲುತ್ತದೆ. ಸಿರಿ ಶಾಲೆಯಲ್ಲಿ ಜೀಪುಕಳ್ಳನ ಮಗಳಾಗುತ್ತಾಳೆ. ಅದೂ ಇಡೀ ಜೀಪಿನದಲ್ಲ, ಬಿಡಿಭಾಗದ ಕಳ್ಳ. ಜಾವಗಲ್ ದಾಟುವಾಗ ಎಲ್ಲವನ್ನೂ ಒಪ್ಪಿಕೊಂಡುಬಿಡುವುದೆಂದು ತೀರ್ಮಾನಿಸಿದ. ಅರಸೀಕೆರೆಯಲ್ಲಿ ಇಳಿಯುವಾಗ ಏನನ್ನೂ ಒಪ್ಪಬಾರದೆಂದು ತೀರ್ಮಾನಿಸಿದ.

ಸ್ಟೇಷನ್ನಿನಲ್ಲಿ ಮಾವ ಬೆಂಚಿನ ಮೇಲೆ ಕೂತಿದ್ದರು. ಹೆಡ್ ಕಾನ್‌ಸ್ಟೇಬಲ್ ಕೆಂಚಪ್ಪ ಕುರ್ಚಿ ಎಳೆದುಕೊಟ್ಟ. ಶರತ್ಚಂದ್ರ ಎದ್ದು ಬಂದು ಭಾವನ ಕೈ ಹಿಡಿದುಕೊಂಡ.

“ಬಿಚ್ಕೊಂಡ್ ಹೋಗ್ಬಿಟ್ಟಿದಾರೆ ಭಾವ! ನೀವು ಅಷ್ಟು ಕಷ್ಟಪಟ್ಟು ಹಾಕಿದ್ದು ಎಲ್ಲಾ. ಸ್ಪ್ರಿಂಗು, ಪ್ಲೇಟು, ಎಂಜಿನ್ನು ಸಮೇತ. ಶೆಡ್ಡಿಗೆ ಬೀಗ ಹಾಕದೆ ಇದ್ದಿದ್ದು ನನ್ ತಪ್ಪು.”

“ನಿನ್ನೆ ಸುಮ್ನೆ ಒಂದು ರೌಂಡು ಹೋಗೋಣ ಅಂತ ಕೂತೆ,” ಎಂದರು ಷಡಕ್ಷರಪ್ಪನವರು. “ಕಾಯಿ ಅಲ್ಲಾಡಿಸಿದ್ರೆ ಒಳಗೆ ಕೊಬ್ಬರಿ ಒಣಗಿದೆಯೋ ಹಸಿಯೋ ಹೇಳೋ ಕಿವಿ ಇದು. ನಮ್ಮ ಎಂಜಿನ್ ಸದ್ದು ಗೊತ್ತಾಗಲ್ವಾ? ಅಡಿಗೆ ತಟ್ಟಿ ನೋಡಿದೆ. ಉಕ್ಕಿನ ಸದ್ದಲ್ಲ, ನಾರಿನ ಸದ್ದು! ಯಾವನೋ ಮುಂಡೇಮಗ ನಮಗೇ ನಾರು ತುಂಬಿದಾನೆ.”

ಇಂದ್ರೇಶ್ ಕೂತ. ಬಸ್ಸಿನಲ್ಲಿ ಹಿಡಿದಿದ್ದ ಭಯ ಇಳಿದು, ಅದರ ಜಾಗಕ್ಕೆ ನಿಧಾನವಾಗಿ ಒಂದು ಸಂತೋಷ ಬಂತು. ಯಾರಿಗೂ ತನ್ನ ಮೇಲೆ ಅನುಮಾನವಿಲ್ಲ. ಯೋಜನೆ ಇನ್ನೂ ನಿಂತಿದೆ. “ಛೆ, ಎಂಥಾ ಜನ ಇರ್ತಾರೆ,” ಎಂದ.

“ಸಿಕ್ಕಂಗೇ ಬಿಡಿ ಸಾರ್,” ಎಂದ ಕೆಂಚಪ್ಪ. “ಗ್ರೀಸು ಕೆರೆದು ನಂಬರ್ ಓದಿಸ್ದೆ. ಕಂಪ್ಯೂಟ್ರಲ್ಲಿ ಹಾಕಿದ್ರೆ ಹುಲಿಕೆರೆ ದ್ಯಾವಯ್ಯ ಅಂತ ಬಂತು. ಮಧ್ಯಾಹ್ನ ಹೋಗಿ ಎತ್ತಾಕ್ಕೊಂಡ್ ಬತ್ತೀವಿ. ದೂರು ಬರ್ದಿದೀನಿ, ರುಜು ಒಂದು ಬಾಕಿ.” ಅವನು ಹಾಳೆ ತಿರುಗಿಸಿ ಪೆನ್ನನ್ನು ಇಂದ್ರೇಶನ ಮುಂದೆ ಇಟ್ಟ.

ಹುಂಜ ಕೂತಿದ್ದ ಸ್ಟೀರಿಂಗು, ಏಣಿಯಿರುವ ಗೂಡು, ದೇವೀರಮ್ಮ ಕೊಟ್ಟ ತಣ್ಣನೆಯ ನೀರು ಎಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಬಂದವು. “ನನ್ನದ್ಯಾಕೆ ರುಜು? ಮಾವನವರು ಹಾಕ್ಲಿ.”

“ಮಾಲೀಕ್ರೇ ಹಾಕ್ಬೇಕಲ್ಲ ಸಾರ್.”

“ನಂಗೂ ನಿನ್ನೆನೇ ಗೊತ್ತಾಗಿದ್ದು ಭಾವ, ಆಣೆಗೂ,” ಎಂದ ಶರತ್ಚಂದ್ರ ನೆಲ ನೋಡುತ್ತ. “ಗೊತ್ತಿದ್ರೆ ನಾನ್ ಮುಟ್ತಿರ್ಲಿಲ್ಲ.”

ಷಡಕ್ಷರಪ್ಪನವರು ಗಂಟಲು ಸರಿಮಾಡಿಕೊಂಡರು. “ಮೊದಲ ದೀಪಾವಳಿಗೆ ಬಂದಾಗ ಕೇಳ್ತೀರಿ ಅಂತ ಕೀಲಿಕೈ ಜೇಬಲ್ಲಿಟ್ಕೊಂಡು ಕಾದೆ ಅಳಿಯಂದಿರೇ. ಹೊಸ ಅಳಿಯ ಎಲೆ ಮುಂದೆ ಮುನಿಸ್ಕೊಂಡು ಕೂರ್ಬೇಕು, ಬೇಕಾದ್ದು ಕೇಳ್ಬೇಕು, ನಾವು ಕೊಟ್ಮೇಲೇ ತುತ್ತು ಮುಟ್ಬೇಕು. ಅದು ನಮ್ಮನೆ ಪದ್ಧತಿ. ನೀವು ಕೂತವರೇ ಎರಡು ಹೋಳಿಗೆ ತಿಂದು ಕೈ ತೊಳೆದ್ಬಿಟ್ರಿ. ಹಳೇ ಜೀಪು ಅಂತ ಅಸಡ್ಡೆ ಇರ್ಬೇಕು, ಬಲವಂತ ಯಾಕೆ ಅಂತ ನಾನೂ ಸುಮ್ನಾದೆ.”

ಕೆಂಚಪ್ಪ ಮೇಜಿನ ಮೇಲಿಂದ ಒಂದು ರೆಕ್ಸಿನ್ ಚೀಲ ಸರಿಸಿದ. ಇಂದ್ರೇಶನಿಗೆ ಅದರ ಪರಿಚಯವಿತ್ತು. ಜೀಪಿನ ಸ್ಟೀರಿಂಗಿನ ಕೆಳಗೆ ತೂಗುಹಾಕಿದ್ದ ಚೀಲ, ಇಪ್ಪತ್ತೆರಡು ಭಾನುವಾರವೂ ಅವನ ಮೊಣಕಾಲಿಗೆ ತಾಗುತ್ತಿತ್ತು. ಒಳಗೆ ವಿಭೂತಿ ಪೊಟ್ಟಣ ಇರುತ್ತದೆಂದು ಗೊತ್ತಿದ್ದುದರಿಂದ ಗ್ರೀಸಿನ ಕೈಯಲ್ಲಿ ಮುಟ್ಟಿರಲಿಲ್ಲ. ಪೊಟ್ಟಣದ ಹಿಂದೆ ಆರ್‌ಸಿ ಪುಸ್ತಕವಿತ್ತು. ಅದರ ಮಾಲೀಕರ ಪುಟದಲ್ಲಿ ಷಡಕ್ಷರಪ್ಪನವರ ಹೆಸರಿಗೆ ಅಡ್ಡಗೆರೆ ಎಳೆದು, ಕೆಳಗೆ ಇಂದ್ರೇಶನ ಹೆಸರು, ಅವನ ಅಪ್ಪನ ಹೆಸರು, ಬೇಲೂರಿನ ವಿಳಾಸ ಬರೆದಿತ್ತು. ಮದುವೆ ನೋಂದಣಿಯ ಕಾಗದಗಳ ಜೊತೆಯಲ್ಲಿ, ಓದದೆ, ತಾನೇ ರುಜು ಹಾಕಿದ್ದಿರಬೇಕು. ಹಾಗಾದರೆ, ಆ ಗಾಡಿಗೆಂದೇ ತರಿಸಿದ ಸ್ಪ್ರಿಂಗೂ ಸೇರಿ, ಕದ್ದದ್ದೆಲ್ಲ ಅವನದೇ. ಕದ್ದದ್ದನ್ನೆಲ್ಲ ಹೊತ್ತು ನಿಂತಿರುವ ಗಾಡಿ ಕಾಗದದಲ್ಲಿ ದ್ಯಾವಯ್ಯನದು. ಅವನ ಪಾಲಿಗೆ ಉಳಿದದ್ದು ಬೀರು ತಗಡು ಮತ್ತು ನಾರು. ಇಷ್ಟರವರೆಗೆ ಅವನು ಮಾಡಿದ್ದು ಯಾವ ಕಾನೂನಿನಲ್ಲೂ ಕಳ್ಳತನವಲ್ಲ. ಈ ಹಾಳೆಗೆ ರುಜು ಹಾಕಿದರೆ ಮಾತ್ರ ಅಪರಾಧ, ಹಾಕದಿದ್ದರೆ ಯಾಕೆಂದು ಮಾವನ ಎದುರು ಹೇಳಬೇಕು. ಪೆನ್ನಿನ ಮುಚ್ಚಳವನ್ನು ಕೆಂಚಪ್ಪನೇ ತೆಗೆದುಕೊಟ್ಟ. ಪುಟದ ತುದಿಯಲ್ಲಿ ವರ್ಗಾವಣೆಯ ತಾರೀಖು ಸ್ಪಷ್ಟವಾಗಿತ್ತು. ಷಡಕ್ಷರಪ್ಪನವರು ಕೊಟ್ಟ ಮಾತನ್ನು ಮದುವೆಯಾದ ಒಂಬತ್ತನೆಯ ದಿನವೇ ಉಳಿಸಿಕೊಂಡಿದ್ದರು.